ಎಡಪುಟದ ಊಟ

ಉರಿಮಾಸ 34, ಕ್ರಿ.ಶ. 2231
ರೆಕ್ಕೆಬೀದಿ, ಗದಗ

ದಾಕ್ಷಾಯಣಿ ಮುಳಗುಂದ ಅವರಿಗೆ,

ಮೇಲಿನ ತಾರೀಖು ತಪ್ಪಲ್ಲ. ಬೇಸಿಗೆ ತನ್ನ ಎರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಮ್ಮ ಹಿರಿಯರು ಉಳಿದ ತಿಂಗಳುಗಳಿಂದ ಮೂರು ನಾಲ್ಕು ದಿನ ಕಿತ್ತು ಅದಕ್ಕೊಂದು ಹದಿಮೂರನೆಯ ತಿಂಗಳು ಮಾಡಿಕೊಟ್ಟರು. ಅದೇ ಉರಿಮಾಸ, ನಲವತ್ತು ದಿನದ್ದು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ನೋಟ್‌ಬುಕ್ಕಿನ ಬಲಪುಟಗಳ ನಕಲಿನಿಂದ. ಅಲ್ಲಿ ಪ್ರತಿಯೊಂದು ವಾಕ್ಯದಲ್ಲೂ ‘ಬ್ಯಾಡ’ ಇದೆ. ಹಾಗೆ ಕಲಿತವನಿಗೆ ಸಂತೋಷದ ಸುದ್ದಿ ಬರೆಯುವುದು ಸುಲಭವಲ್ಲ. ಆದರೂ ಇವತ್ತು ಬರೆಯದೆ ಇರಲಾರೆ. ಬೆಳಿಗ್ಗೆಯಿಂದ ಮೂರು ಸಲ ಚಪ್ಪಲಿ ಅದಲುಬದಲು ಮೆಟ್ಟಿಕೊಂಡಿದ್ದೇನೆ.

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯುತ್ತಿಲ್ಲ. ನಮ್ಮ ಬೀದಿಗೆಲ್ಲ ನೀವು ಅಜ್ಜಿ. ಆದರೆ ಆ ನೋಟ್‌ಬುಕ್ಕು ಬರೆದಾಗ ನಿಮಗೆ ಇಪ್ಪತ್ತಾರು ವರ್ಷ, ಚೊಚ್ಚಲ ಬಸಿರು. ನನಗೀಗ ಐವತ್ತೊಂದು. ನನ್ನ ಮಗಳು ಮುಗಿಲಿ ನಿಮಗಿಂತ ಒಂದು ವರ್ಷ ಚಿಕ್ಕವಳು, ಅವಳೂ ಚೊಚ್ಚಲ ಬಸುರಿ. ಅಜ್ಜಿ ಎಂದು ಬರೆಯಲು ಹೊರಟರೆ ಕಣ್ಣೆದುರು ಅವಳ ಮುಖವೇ ಬರುತ್ತದೆ. ಆದ್ದರಿಂದ ‘ನೀವು’ ಎಂದಷ್ಟೇ ಬರೆಯುತ್ತೇನೆ.

ನಮ್ಮ ಊರು ನಿಮಗೆ ಗುರುತು ಹತ್ತಲಿಕ್ಕಿಲ್ಲ. ನಿಮ್ಮ ಕಾಲದಲ್ಲಿ ಜೋಳ ತುಂಬಿಡಲು ನೆಲದಲ್ಲಿ ಹಗೇವು ತೋಡುತ್ತಿದ್ದರಂತೆ. ನಾವು ಅಂಥವನ್ನು ದೊಡ್ಡದಾಗಿ ತೋಡಿ ಅದರೊಳಗೆ ಸಂಸಾರ ಮಾಡುತ್ತೇವೆ, ಹಗೇವುಮನೆ ಎನ್ನುತ್ತೇವೆ. ಕಪ್ಪತಗುಡ್ಡದ ಮೇಲೆ ನಿಂತು ಹೋಗಿದ್ದ ಗಾಳಿಯಂತ್ರಗಳ ರೆಕ್ಕೆಗಳನ್ನು ಇಳಿಸಿ ತಂದು ಬೀದಿಗೆ ಚಪ್ಪರ ಹಾಕಿಕೊಂಡಿದ್ದೇವೆ. ಬಿಳಿಯ ರೆಕ್ಕೆಯ ಕೆಳಗೆ ಬಿಸಿಲು ಹಾಲಿನಂತೆ ಸೋರುತ್ತದೆ. ಹೆಂಗಸರು ಅಲ್ಲಿ ಕುಳಿತು ಶೇಂಗಾ ಬಿಡಿಸುತ್ತಾರೆ, ಜಗಳ ಆಡುತ್ತಾರೆ. ನಿಮ್ಮ ಕಾಲದವರ ಮಾತು ಹೆಚ್ಚಿನಂಶ ಗಾಳಿಯಲ್ಲಿ ಓಡಾಡುತ್ತಿತ್ತೆಂದು ಕೇಳಿದ್ದೇನೆ. ದೊಡ್ಡ ಉರಿಯ ವರ್ಷಗಳಲ್ಲಿ ಅದು ಗಾಳಿಯೊಂದಿಗೇ ಹೋಯಿತು. ಕಾಗದದ ಮೇಲಿದ್ದದ್ದು ಒಂದಿಷ್ಟು ಉಳಿಯಿತು. ಬಸಿರಿನ ಬಗ್ಗೆ ಈ ಊರಲ್ಲಿ ಉಳಿದ ಕಾಗದ ಒಂದೇ, ನಿಮ್ಮ ನೀಲಿ ರಟ್ಟಿನ ನೋಟ್‌ಬುಕ್ಕು.

ಅದರ ಬಲಪುಟಗಳಲ್ಲಿ ನೂರಾ ಹದಿನಾರು ‘ಬ್ಯಾಡ’ಗಳಿವೆ. ಯಾವ ದಿನ, ಯಾರು, ಯಾವುದನ್ನು ಬೇಡವೆಂದರು, ಯಾಕೆ ಎಂಬುದನ್ನೆಲ್ಲ ನೀವು ಚೊಕ್ಕವಾಗಿ ಬರೆದಿಟ್ಟಿರಿ. ನಮ್ಮವರು ಅದನ್ನು ಬೇಡಪಟ್ಟಿ ಎಂದು ಕರೆದರು, ತಾಮ್ರದ ತಗಡಿನ ಮೇಲೆ ಕೊರೆಸಿದರು, ಓದಿ ಹೇಳಲು ಒಬ್ಬ ಪಟ್ಟಿಗಾರನನ್ನು ನೇಮಿಸಿದರು. ಹನ್ನೊಂದು ವರ್ಷದಿಂದ ಆ ಪಟ್ಟಿಗಾರ ನಾನು. ಬಸುರಿಗೆ ಮೂರು ತಿಂಗಳು ತುಂಬಿದಾಗ ಒಮ್ಮೆ, ಏಳನೆಯ ತಿಂಗಳ ಕುಬುಸದ ದಿನ ಇನ್ನೊಮ್ಮೆ ನಾನು ಪಟ್ಟಿ ಓದುತ್ತೇನೆ. ಒಂದೊಂದು ಪದಾರ್ಥದ ಹೆಸರು ಹೇಳಿದಾಗಲೂ ನೆರೆದವರೆಲ್ಲ ಒಟ್ಟಿಗೆ “ಬ್ಯಾಡ” ಎನ್ನುತ್ತಾರೆ. ಕೇಳಲು ಚೆನ್ನಾಗಿಯೇ ಇರುತ್ತದೆ.

ತೊಂದರೆ ಏನೆಂದರೆ, ನಿಮಗೆ ಸಲಹೆ ಕೊಟ್ಟವರು ಒಬ್ಬರ ಮಾತಿಗೆ ಒಬ್ಬರು ಒಪ್ಪುತ್ತಿರಲಿಲ್ಲ. ನಿಮ್ಮ ಅತ್ತೆಗೆ ತಂಪಿನದು ಆಗದು, ನಿಮ್ಮ ತಾಯಿಗೆ ಉಷ್ಣದ್ದು ಆಗದು. ತುಪ್ಪ ತಿಂದರೆ ಹೆರಿಗೆ ಸಲೀಸು ಎಂದು ಒಬ್ಬರು, ಕೂಸು ಡೊಳ್ಳಾಗಿ ಹೆರಿಗೆ ಕಷ್ಟ ಎಂದು ಇನ್ನೊಬ್ಬರು. ನೆರೆಮನೆಯ ಸರೋಜಕ್ಕನವರಿಗೆ ಬದನೆಕಾಯಿ ಕಂಡರಾಗದು. ಉಳಿದದ್ದನ್ನೆಲ್ಲ ನಿಮ್ಮ ಫೋನಿಗೆ ಬಂದ ಸಂದೇಶಗಳು ಬೇಡವೆಂದವು. ಇಷ್ಟೊಂದು ಮಂದಿ ಅಕ್ಕರೆಯಿಂದ ಹೇಳಿದ್ದು ಸುಳ್ಳಿರಲಾರದೆಂದು ಭಾವಿಸಿ ನಮ್ಮ ಹಿರಿಯರು ಒಂದು ನಿಯಮ ಮಾಡಿದರು: ಒಬ್ಬರು ತಿನ್ನು ಎಂದು ಇನ್ನೊಬ್ಬರು ಬೇಡ ಎಂದಲ್ಲಿ, ಬೇಡ ಎಂದದ್ದೇ ಗೆಲ್ಲಬೇಕು. ಎಲ್ಲವನ್ನೂ ಕಳೆದ ಮೇಲೆ ಮಿಕ್ಕಿದ್ದಕ್ಕೆ ಉಳಿಕೆ ಎನ್ನುತ್ತೇವೆ. ಜೋಳದ ಗಂಜಿ, ಬೇಯಿಸಿದ ಹೀರೇಕಾಯಿ, ಹಗಲು ಹೊತ್ತು ಒಂದು ಲೋಟ ಹಾಲು. ಬಸುರಿಯ ಊಟ ಅಷ್ಟೇ.

ಮುಗಿಲಿ ನಾಲ್ಕು ತಿಂಗಳು ಉಳಿಕೆ ಉಂಡಳು. ಒಂದು ಮಾತಾಡಲಿಲ್ಲ. ಮಾತಾಡದಿರುವುದನ್ನು ನನ್ನಿಂದಲೇ ಕಲಿತವಳು. ಬಳೆಗಳು ಮೊಣಕೈಗೆ ಜಾರತೊಡಗಿದಾಗ ಎರಡು ಕಳಚಿ ಗೂಡಿನಲ್ಲಿಟ್ಟಳು. ನಾನು ನೋಡಿ ನೋಡದಂತೆ ಇದ್ದೆ. ನಮ್ಮ ಸೂಲಗಿತ್ತಿ ಹನುಮವ್ವ ವಾರಕ್ಕೊಮ್ಮೆ ಹೊಟ್ಟೆಯ ಸುತ್ತಳತೆಯನ್ನು ದಾರದಲ್ಲಿ ಹಿಡಿದು ಗಂಟು ಹಾಕುತ್ತಾಳೆ. ಕಳೆದ ತಿಂಗಳು ಮೂರು ವಾರ ಗಂಟಿನ ಮೇಲೆ ಗಂಟು ಅದೇ ಜಾಗದಲ್ಲಿ ಬಿತ್ತು. ಆಕೆ ದಾರವನ್ನು ನನ್ನ ಮೂಗಿನ ಮುಂದೆ ಹಿಡಿದಳು.

“ಕೂಸು ಬೆಳೀವಲ್ದು, ಪಟ್ಟಿಗಾರ್ರ. ಹೀರಿಕಾಯ್ಯಾಗ ಏನೈತಿ, ನೀರ ಐತಿ. ಹಿಂಗ ಇನ್ನೊಂದು ತಿಂಗಳ ಹ್ವಾದ್ರ ನನ್ನ ಕೈಯಾಗೂ ಏನೂ ಇಲ್ಲ.”

ಪಟ್ಟಿಯಲ್ಲಿ ಇರುವುದನ್ನು ಬದಲಿಸಲಾಗದು ಎಂದೆ. ಆ ಉತ್ತರ ನನ್ನ ಬಾಯಿಂದ ಬಂದ ರೀತಿಯನ್ನು ಈಗ ನೆನೆದರೆ, ತಗಡೇ ಮಾತಾಡಿದಂತೆ ಅನ್ನಿಸುತ್ತದೆ.

ಮೂಲ ನೋಟ್‌ಬುಕ್ಕನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಪಟ್ಟಿಗಾರ ಅದನ್ನು ತೆರೆಯಬಹುದಾದದ್ದು ಒಂದೇ ಒಂದು ಸಲ, ತನ್ನ ಸ್ವಂತ ಮನೆಯಲ್ಲಿ ಕುಬುಸವಿದ್ದಾಗ. ಕುಬುಸದ ಬೆಳಿಗ್ಗೆ ನಾನು ಅದನ್ನು ಮೇಲೆ ಬೀದಿಗೆ ತಂದು ರೆಕ್ಕೆಯ ಅಂಚಿನಲ್ಲಿ ಎಳೆಬಿಸಿಲಿಗೆ ಹಿಡಿದು ಕುಳಿತೆ. ಎಡಪುಟಗಳು ಖಾಲಿ ಎಂದು ನಮಗೆಲ್ಲ ಹೇಳಿಕೊಟ್ಟಿದ್ದರು. ಬಿಸಿಲು ಓರೆಯಾಗಿ ಬಿದ್ದಾಗ ಖಾಲಿ ಕಾಗದದ ಮೇಲೆ ಇರುವೆ ಸಾಲಿನಂತೆ ಏನೋ ಎದ್ದಿತು. ಪೆನ್ಸಿಲ್ಲಿನ ಬರಹ. ಬಲಪುಟಗಳನ್ನು ನೀವು ಪೆನ್ನಿನಲ್ಲಿ ಬರೆದಿದ್ದಿರಿ, ಎಡಪುಟಗಳನ್ನು ಪೆನ್ಸಿಲ್ಲಿನಲ್ಲಿ, ಸಣ್ಣದಾಗಿ, ಯಾರಿಗೂ ಕಾಣದ ಹಾಗೆ. ಇನ್ನೂರು ವರ್ಷದ ಹಿಂದೆ ನಕಲು ತೆಗೆದ ಯಂತ್ರದ ಕಣ್ಣಿಗೆ ಅದು ಬೀಳಲಿಲ್ಲ. ಅಲ್ಲಿಂದೀಚೆಗೆ ಯಾರೂ ಯಂತ್ರಕ್ಕಿಂತ ಹೆಚ್ಚು ನೋಡಲು ಹೋಗಲಿಲ್ಲ.

ನೀವು ಬರೆದದ್ದನ್ನು ನಿಮಗೇ ಓದಿ ಹೇಳುವುದು ಹುಚ್ಚುತನ. ಆದರೂ ಹೇಳುತ್ತೇನೆ, ಎಷ್ಟು ಸಲ ಹೇಳಿದರೂ ನನಗೆ ತೃಪ್ತಿಯಾಗುತ್ತಿಲ್ಲ. ಜುಲೈ ಒಂಬತ್ತರ ಬಲಪುಟದಲ್ಲಿ: “ಅತ್ತಿ: ಮೊಸರ ಬ್ಯಾಡ, ಕೂಸಿಗೆ ನೆಗಡಿ ಆಗತೈತಿ.” ಅದರ ಎಡಕ್ಕೆ: “ಅವ್ವ ಬಂದಿದ್ಲು. ಡಬ್ಬ್ಯಾಗ ಮೊಸರನ್ನ ತಂದಿದ್ಲು. ಲಗೂನ ತಿನ್ನ, ನಿಮ್ಮತ್ತಿ ಗುಡಿಯಿಂದ ಬರೂದ್ರೊಳಗ, ಅಂದ್ಲು. ತಿಂದೆ.” ಜುಲೈ ಹದಿನೈದರ ಬಲಪುಟದಲ್ಲಿ ನಿಮ್ಮ ತಾಯಿ: “ಖಾರದ್ದು, ಕರದದ್ದು ಬ್ಯಾಡ, ಕೂಸಿಗೆ ಕೂದಲ ಬರಂಗಿಲ್ಲ.” ಎಡಕ್ಕೆ: “ಅತ್ತಿ ಸೆರಗಿನಾಗ ಮಿರ್ಚಿ ಭಜಿ ತಂದ್ರು, ಎರಡು. ನಿಮ್ಮವ್ವಗ ಹೇಳಿದಿ ಅಂದ್ರ ನೋಡ, ಅಂದ್ರು. ನೀವೂ ಒಂದ ತಗೋರಿ ಅಂದೆ. ಮುದುಕಿಗೆ ಎಂಥಾ ಬಯಕಿ ಅಂತ ಒಂದ ತಿಂದ್ರು.” ಬದನೆಕಾಯಿ ಬೇಡವೆಂದ ಸರೋಜಕ್ಕನವರ ಎದುರುಪುಟದಲ್ಲಿ: “ಅವರ ಮನೀದ ಬದನಿಕಾಯಿ ಎಣಗಾಯಿ.” ಅವರೇ ಕಬ್ಬಿಣದ ಗುಳಿಗೆ ಬೇಡ, ಕೂಸು ಕಪ್ಪಾಗುತ್ತದೆ ಎಂದದ್ದಕ್ಕೆ: “ನುಂಗಿದೆ. ಕಪ್ಪ ಆದ್ರ ಆಗಲಿ, ನನ್ನಂಗ ಇರತೈತಿ.” ಡಾಕ್ಟರರು ಹೇಳಿದ ಒಂಬತ್ತು ಮಾತುಗಳ ಎದುರು, ಕಾಯಿಸದ ಹಾಲು, ಪಪ್ಪಾಯಿಯ ಕಾಯಿ ಇತ್ಯಾದಿಗಳ ಎದುರು, ಒಂದೇ ಸಾಲು: “ಇವು ಖರೇ ಪಾಲಸೀನಿ.”

ನಾವು ನಿಮ್ಮ ಊಟವೆಂದು ನಂಬಿದ್ದು ನಿಮ್ಮ ಊಟವೇ ಆಗಿರಲಿಲ್ಲ. ಬಲಪುಟದಲ್ಲಿ ಜನ ಬಾಯಿಬಿಟ್ಟು ಬೇಡವೆಂದರು. ಎಡಪುಟದಲ್ಲಿ ಅವರೇ, ಅದೇ ವಾರ, ಸೆರಗಿನ ಮರೆಯಲ್ಲಿ ತಂದು ಉಣಿಸಿದರು.

ಕುಬುಸಕ್ಕೆ ಇಡೀ ಬೀದಿ ಸೇರಿತ್ತು. ಮುಗಿಲಿ ಹಸಿರು ಸೀರೆ ಉಟ್ಟು ಗೋಡೆಗೆ ಒರಗಿ ಕುಳಿತಿದ್ದಳು. ಎಡಪುಟ ಓದಿದರೆ ನಾಳೆಯಿಂದ ನಾನು ಪಟ್ಟಿಗಾರನಲ್ಲ ಎಂಬುದು ನನಗೆ ಗೊತ್ತಿತ್ತು. ಹನ್ನೊಂದು ವರ್ಷದಲ್ಲಿ ನಾನು ಗಂಜಿಗೆ ಕೂರಿಸಿದ ಹೆಣ್ಣುಮಕ್ಕಳು ಮಕ್ಕಳನ್ನು ಎತ್ತಿಕೊಂಡು ಎದುರಿಗೇ ಇದ್ದರು. ಮುಗಿಲಿಯ ಬಳೆ ಸಡಿಲಾದ ಕೈ ನೋಡಿದೆ, ಓದಿದೆ. “ಮೊಸರು” ಎಂದೆ. ರೂಢಿಯಂತೆ ಎಲ್ಲರೂ “ಬ್ಯಾಡ” ಎಂದರು. “ತಿಂದೆ” ಎಂದು ಮುಂದೆ ಓದಿದೆ. ಭಜಿಯ ಪುಟ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಎದುರುಮನೆಯ ಕಲ್ಲವ್ವ, ಮೂರು ಮಕ್ಕಳ ತಾಯಿ, ಎದ್ದು ನಿಂತಳು.

“ಅಣ್ಣಾರ, ಇದರಾಗ ಹೊಸಾದು ಏನೈತ್ರಿ? ನಾವು ಮೂರು ಹಡದಿದ್ದು ಗಂಜಿ ಕುಡದ ಅಂತ ತಿಳದೀರೇನು? ಈ ಬೀದ್ಯಾಗ ಪ್ರತಿ ಬಸುರಿಗೂ ಸೆರಗಿನಾಗ ಊಟ ಹೋಗತೈತಿ. ಪಟ್ಟಿಗಾರ್ರ ಮನೀಗೆ ಯಾರ ಒಯ್ಯಬೇಕ್ರಿ?”

ಹೆಂಗಸರೆಲ್ಲ ತಲೆ ತಗ್ಗಿಸಿ ನಗುತ್ತಿದ್ದರು. ನಾನು ನನ್ನ ಹೆಂಡತಿ ನೀಲವ್ವನ ಕಡೆ ನೋಡಿದೆ.

“ನನ್ನ ಯಾಕ ನೋಡ್ತೀರಿ?” ಎಂದಳು. “ಇಕಿ ಹೊಟ್ಟ್ಯಾಗಿದ್ದಾಗ ನಾನೂ ತಿಂದೀನಿ, ಆಗ ನೀವು ಪಟ್ಟಿಗಾರ್ರ ಇರ್ಲಿಲ್ಲ. ಇಕೀಗೂ ಕೊಟ್ಟೆ. ಮುಟ್ಟಲಿಲ್ಲ. ಅಪ್ಪನ ಮಾತು ಸುಳ್ಳಾಗತೈತಿ ಅಂದ್ಲು.”

ಇಡೀ ಊರಿನಲ್ಲಿ ಪಟ್ಟಿಯನ್ನು ನಿಜವಾಗಿ ಪಾಲಿಸಿದವಳು ಒಬ್ಬಳೇ, ನನ್ನ ಮಗಳು. ಅದೂ ನಿಮ್ಮ ಮೇಲಿನ ಭಕ್ತಿಯಿಂದಲ್ಲ, ನನ್ನ ಮೇಲಿನ ಪ್ರೀತಿಯಿಂದ. ನೋಟ್‌ಬುಕ್ಕನ್ನು ಮಡಚಿ ಅವಳ ಮಡಿಲಿಗಿಟ್ಟು, “ಏನ್ ಬೇಕವಾ?” ಎಂದು ಕೇಳಿದೆ. ಹುಟ್ಟಿದಾಗಿನಿಂದ ಈ ಪ್ರಶ್ನೆಯನ್ನು ನಾನು ಅವಳಿಗೆ ಕೇಳಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ಅವಳು ರಟ್ಟಿನ ಮೇಲೆ ಬೆರಳಾಡಿಸಿದಳು.

“ಭಜಿ,” ಎಂದಳು. “ಆದ್ರ ಎರಡ ಸಾಲಂಗಿಲ್ಲ ಅಪ್ಪ.”

ಕಲ್ಲವ್ವ ಎದ್ದು ಹೊರಟಾಗ ಗೊತ್ತಾಯಿತು, ಆಕೆಯ ಮನೆಯಲ್ಲಿ ಎಣ್ಣೆ ಆಗಲೇ ಒಲೆಯ ಮೇಲಿತ್ತು.

ಅದಾಗಿ ಎಂಟು ದಿನ. ಮುಗಿಲಿ ಮೊಸರನ್ನ, ಎಣಗಾಯಿ, ಹುಳಿ ಮಾವು, ಮೊಳಕೆ ಕಾಳಿನ ಪಲ್ಯ, ಮೊಟ್ಟೆ, ಹಣ್ಣಾದ ಪಪ್ಪಾಯಿ ಎಲ್ಲ ತಿಂದಳು, ಯಾರ ಮರೆಯೂ ಇಲ್ಲದೆ, ರೆಕ್ಕೆಯ ಕೆಳಗೆ ಬೀದಿಯಲ್ಲೇ ಕುಳಿತು. ನಿಮ್ಮ ಡಾಕ್ಟರರ ಒಂಬತ್ತು ಮಾತುಗಳನ್ನು ಹನುಮವ್ವ ಗೋಡೆಯ ಮೇಲೆ ಬರೆಸಿದ್ದಾಳೆ. ಅವನ್ನು ಮುಗಿಲಿಯೂ ಖರೇ ಪಾಲಿಸುತ್ತಾಳೆ. ಇವತ್ತು ಬೆಳಿಗ್ಗೆ ಹನುಮವ್ವ ದಾರ ಹಿಡಿದಳು. ಹೊಸ ಗಂಟು ಹಳೆಯ ಗಂಟಿನಿಂದ ಎರಡು ಬೆರಳು ಮುಂದೆ ಬಿತ್ತು. ಆಕೆ ದಾರವನ್ನು ನನ್ನ ಕೈಗೆ ಕೊಟ್ಟಳು. ಈ ಪತ್ರ ಬರೆಯುವಾಗಲೂ ಅದು ನನ್ನ ಎಡಗೈಗೆ ಸುತ್ತಿಕೊಂಡೇ ಇದೆ.

ಪತ್ರ ಹಿಂದಕ್ಕೆ ಹೋಗುವ ದಾರಿ ನಮಗಿನ್ನೂ ಗೊತ್ತಿಲ್ಲ. ನಿಮ್ಮ ನೋಟ್‌ಬುಕ್ಕಿನೊಳಗೇ ಇಡುತ್ತೇನೆ, ಡಿಸೆಂಬರ್ ಹನ್ನೊಂದರ ಪುಟದಲ್ಲಿ. ಬಲಕ್ಕೆ ನೀವು ಬರೆದಿದ್ದೀರಿ: “ಎಲ್ಲಾರೂ: ಇವತ್ತ ಏನೂ ಬ್ಯಾಡ, ಬ್ಯಾನಿ ಸುರು ಆಗ್ಯಾವು.” ಎಡಪುಟ ನಿಜಕ್ಕೂ ಖಾಲಿ. ಎಷ್ಟು ಓರೆ ಬಿಸಿಲಿಗೆ ಹಿಡಿದರೂ ಏನೂ ಏಳುವುದಿಲ್ಲ. ಅಂದು ನಿಮಗೆ ಯಾರಾದರೂ ಏನಾದರೂ ತಂದರೇ, ಹೆತ್ತ ಮೇಲೆ ಮೊದಲು ಏನು ತಿಂದಿರಿ ಎಂದು ತಿಳಿಯಲು ನನಗೆ ಬಹಳ ಆಸೆ.

ಒಂದೇ ಬೇಡಿಕೆ. ಇದು ನಿಮ್ಮ ಕೈ ಸೇರಿದರೆ ಎಡಪುಟಗಳ ಮೇಲೆ ಇನ್ನೊಮ್ಮೆ ಪೆನ್ನು ಆಡಿಸಿ. ನಿಮ್ಮತ್ತೆ ನೋಡಿದರೆ ನೋಡಲಿ. ಅಷ್ಟು ಮಾಡಿದರೆ ನಕಲಿನ ಯಂತ್ರದ ಕಣ್ಣಿಗೆ ಅವೂ ಬೀಳುತ್ತವೆ, ಇಲ್ಲಿ ನಾನು ಪಟ್ಟಿಗಾರ ಆಗುವುದೇ ಇಲ್ಲ, ಮುಗಿಲಿ ಬಳೆ ಕಳಚುವುದಿಲ್ಲ.

ಇರಲಿ. ಮೇಲಿನಿಂದ ಅವಳು ಕರೆಯುತ್ತಿದ್ದಾಳೆ, ಭಜಿ ಆರುತ್ತದಂತೆ. ಹೋಗಿ ಬರುತ್ತೇನೆ.

ಶಿವಪುತ್ರಪ್ಪ
ಮುಗಿಲಿಯ ತಂದೆ