ಮೂರು ಐಪೀಸು, ಒಂದು ಕನ್ನಡಕ

ಏಪ್ರಿಲ್ 3, ಸಂಜೆ

ಮಹನೀಯರೇ! ಮಹಿಳೆಯರೇ! ಹಿಂದಿನ ಸಾಲಲ್ಲಿ ಕಲ್ಲಂಗಡಿ ಬೀಜ ಒಡೆಯುತ್ತಿರುವ ಗಲಾಟೆ ಮಂದಿಯೇ! ಸದ್ದು!... ಓದುವವರು ಒಬ್ಬರೂ ಇಲ್ಲ, ಗೊತ್ತು. ಇರಲಿ. ಖಾಲಿ ಥಿಯೇಟರಿನಲ್ಲೂ ಗಂಟಲು ಹರಿದುಕೊಂಡವನು ಈ ಶೌಕತ್.

ರಂಗದ ಮೇಲೆ, ಅಂದರೆ ನಮ್ಮ ತಾರಸಿ ಮೇಲೆ, ಕರಿಯ ಕೊಳವೆ. ಹತ್ತಿಂಚು ಕನ್ನಡಿಯ ನ್ಯೂಟೋನಿಯನ್, ಎಫ್-ನಾಲ್ಕು. ವೇಗದ ಟೆಲಿಸ್ಕೋಪ್ ಅಂತಾರೆ. ಗಿಡ್ಡ ಆಳು, ದೊಡ್ಡ ತುತ್ತು. ಆಕಾಶದ ಅಗಲವಾದ ತುಂಡನ್ನೇ ಬಾಚಿಕೊಡುತ್ತೆ. ಆದರೆ ಮುಂಗೋಪಿ. ಕಣ್ಣಿಟ್ಟು ನೋಡುವ ಗಾಜು, ಅಂದರೆ ಐಪೀಸು, ಕಂಡಕಂಡದ್ದನ್ನು ಹತ್ತಿರ ಸೇರಿಸಲ್ಲ.

ವಗ್ದಿ ಮೂರು ತಂದಿಟ್ಟ. ಭೌತಶಾಸ್ತ್ರದ ಮೇಷ್ಟ್ರು, ನಮ್ಮ ಇಡೀ ಫಯ್ಯೂಮ್ ಊರಿನಲ್ಲಿ ನನ್ನಷ್ಟೇ ಆಕಾಶದ ಹುಚ್ಚಿರುವ ಇನ್ನೊಬ್ಬ.

"ಒಂದು ಇಟ್ಕೋ ಉಸ್ತಾದ್. ಎರಡು ವಾಪಸ್. ಅತ್ತು ಕರೆದರೂ ಬಿಡಲ್ಲ."

"ನನ್ನ ಅಳು ನೋಡೋಕೆ ಜನ ಟಿಕೆಟ್ ತಗೋತಿದ್ರು ಕಣಯ್ಯಾ!"

"ನಾನೂ ತಗೊಂಡಿದ್ದೆ. ಅವತ್ತೇ ದುಡ್ಡು ವಾಪಸ್ ಕೇಳ್ಬೇಕಿತ್ತು."

ಪರೀಕ್ಷೆ ಕೃತ್ತಿಕೆಯ ಮೇಲೆ. ನಮ್ಮವರ ಬಾಯಲ್ಲಿ ತುರಯ್ಯಾ. ಈಗಾಗಲೇ ಪಶ್ಚಿಮಕ್ಕೆ ವಾಲಿದಾಳೆ. ಇನ್ನು ಸ್ವಲ್ಪ ದಿನಕ್ಕೆ ಸಂಜೆಬೆಳಕಲ್ಲೇ ಮುಳುಗಿಹೋಗ್ತಾಳೆ.

ಏಪ್ರಿಲ್ 5

ಮೊದಲನೆಯದು, ಮೂವತ್ತು ಮಿಲಿಮೀಟರ್. ಔಟ್! ಈ ಕನ್ನಡಿಗೆ ಅದು ಹೊರಡಿಸುವ ಬೆಳಕಿನ ಕಂಬ ನನ್ನ ಪಾಪೆಗಿಂತ ದಪ್ಪ. ವಯಸ್ಸಾದ ಕಣ್ಣು ಅಷ್ಟು ಅರಳೋದಿಲ್ಲ, ಅರ್ಧ ಬೆಳಕು ರೆಪ್ಪೆಗೆ ಬಡಿದು ವ್ಯರ್ಥ. ಸಾಲದ್ದಕ್ಕೆ ಅಂಚಿನ ನಕ್ಷತ್ರಗಳೆಲ್ಲ ರೆಕ್ಕೆ ಬಿಚ್ಚಿದ ಕಡಲಕ್ಕಿಗಳು. ನಾನು ಕೇಳಿದ್ದು ನಕ್ಷತ್ರ, ಹಕ್ಕಿಯಲ್ಲ.

ಎರಡನೆಯದು, ಇಪ್ಪತ್ತು ಮಿಲಿಮೀಟರ್, ನೂರು ಡಿಗ್ರಿ ಅಗಲದ ನೋಟ. ಆಹಾ! ಇಟ್ಟಿಗೆಯಷ್ಟು ಭಾರ. ಸಿಕ್ಕಿಸಿದರೆ ಕೊಳವೆ ಮೂತಿ ತಗ್ಗಿಸುತ್ತೆ. ಆದರೆ ಒಳಗೆ ಇಣುಕಿದರೆ ಗೋಡೆಯೇ ಇಲ್ಲ. ಪರದೆ ಸರಿದ ಹಾಗೆ. ನಾಯಕ ಇವನೇ.

ಮೂರನೆಯದು, ಹದಿನೇಳೂವರೆ, ಎಪ್ಪತ್ತಾರು ಡಿಗ್ರಿ. ಅಚ್ಚುಕಟ್ಟು. ಮಂತ್ರಿ ಪಾತ್ರಕ್ಕೆ ಸಾಕು.

ಹೆಂಡತಿ ಇನ್ಸಾಫಳಿಗೂ ನಾಯಕನಲ್ಲೇ ಕೃತ್ತಿಕೆ ತೋರಿಸಿದೆ. "ವಾಹ್! ಏನು ಚೆಂದ!" ಅಂದಳು. ನಮ್ಮ ಮನೆಯ ಮಹಾರಾಣಿ, ನಮ್ಮ ನಾಟಕ ಕಂಪನಿಯ ಪ್ರಾಂಪ್ಟರ್. ಅವಳ ಮಾತೇ ಕೊನೆ. ವಗ್ದಿಗೆ ಫೋನ್ ಮಾಡಿದೆ: ದೈತ್ಯ ನನ್ನವನು. ಬೆಳಿಗ್ಗೆ ಬಂದು ಉಳಿದೆರಡನ್ನೂ ಒಯ್ಯಿ.

ಏಪ್ರಿಲ್ 6

ಬರೆಯೋಕೆ ಕೈ ಬರ್ತಿಲ್ಲ. ಆದರೂ ಬರೀತೀನಿ.

ಕೃತ್ತಿಕೆಗೆ ಗುರಿಯಿಟ್ಟಿದ್ದೆ. ಗಾಳಿಗೆ ಧೂಳೆದ್ದಿತು. ಕೊಳವೆಯ ಬಾಯಿಗೆ ಮುಚ್ಚಳ ಹಾಕಿದೆ. ಹಾಕಿದ್ದನ್ನು ಮರೆತೆ! ಇನ್ಸಾಫ್ ಚಹಾ ತಂದಳು. "ನೋಡು ನನ್ನ ರಾಣಿ, ಇವತ್ತು ಹೇಗಿದೆ ಹೇಳು!"

ಬಗ್ಗಿದಳು. ಕನ್ನಡಕ ಗಾಜಿಗೆ ತಾಗಿ ಟಕ್ ಅಂತು.

"ವಾಹ್! ಮುತ್ತು ಚೆಲ್ಲಿದ ಹಾಗಿದೆ ಮಾರಾಯ!"

ಮುಚ್ಚಳ ನನಗೆ ಕಾಣ್ತಿತ್ತು. ಕರ್‍ರಗೆ, ಬಿಗಿಯಾಗಿ, ಕೊಳವೆಯ ಬಾಯಲ್ಲಿ.

ನಾನು... ಚಹಾ ಕುಡಿದೆ.

ಏಪ್ರಿಲ್ 7, ಮಧ್ಯಾಹ್ನ

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. ಮುಚ್ಚಳದ ವಿಷಯವನ್ನೂ ಹೇಳಿದೆ.

ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿದಳು. ಆಮೇಲೆ ನಗು. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸಿಕ್ಕಿಬಿದ್ದೆ ಬಿಡು! ನನಗೆ ಯಾವತ್ತೂ ಏನೂ ಕಂಡಿಲ್ಲ ಶೌಕತ್. ಇದರಲ್ಲೂ ಇಲ್ಲ, ಇದಕ್ಕಿಂತ ಹಿಂದಿನದರಲ್ಲೂ ಇಲ್ಲ. ಕಪ್ಪನೆಯ ಫೂಲ್ ಕಾಳೊಂದು, ದಪ್ಪ ಅವರೆಯಂಥದ್ದು, ಅತ್ತಿತ್ತ ತೇಲುತ್ತೆ, ಅಷ್ಟೇ."

"ಮತ್ತೆ ವಾಹ್ ಅಂದಿದ್ದು?"

"ರಂಗದ ಮೇಲೆ ನಿನ್ನ ಬಾಯಿ ಕಟ್ಟಿದಾಗೆಲ್ಲ ಪಕ್ಕದಿಂದ ಮಾತು ಕೊಟ್ಟೋಳು ನಾನು. ಇಲ್ಲಿ ನಿನಗೆ ಬೇಕಿದ್ದದ್ದು ಚಪ್ಪಾಳೆ. ಕೊಟ್ಟೆ. ತಪ್ಪಾ?"

ಕನ್ನಡಕ ತೆಗೆದು ನೋಡು ಅಂದೆ. ತೆಗೆದರೆ ಒಂದೊಂದು ದೀಪವೂ ಗೀಟಾಗಿ ಎಳೆದುಕೊಳ್ಳುತ್ತಂತೆ. ಫೋಕಸ್ ತಿರುಗಿಸಿ ಸರಿಹೋಗುವ ದೋಷವಲ್ಲ ಅವಳದು. ಅಂದರೆ ಕನ್ನಡಕ ಇರಲೇಬೇಕು. ಅಂದರೆ ಗಾಜಿಗೂ ಕಣ್ಣಿಗೂ ನಡುವೆ ಆ ಕನ್ನಡಕ ಹಿಡಿಸುವಷ್ಟು ಜಾಗ ಬೇಕು. ದೈತ್ಯನಿಗೆ ಅಗಲ ಉಂಟು, ಆ ಜಾಗವಿಲ್ಲ. ಕಣ್ಣನ್ನು ಗಾಜಿಗೆ ಒತ್ತಿದವನಿಗೆ ಮಾತ್ರ ದರ್ಶನ.

ಜಾಗ ಇರುವುದು ಮೂರನೆಯದಕ್ಕೆ. ಮಂತ್ರಿಗೆ!

ಅದೇ ದಿನ, ಸಂಜೆ

ವಗ್ದಿಯ ಮನೆಗೆ ಓಡಿದೆ. ಅವನು ನಿನ್ನೆ ಒಯ್ದ ಮೂರನೆಯದು ಆಗಲೇ ಪೆಟ್ಟಿಗೆಯಲ್ಲಿ, ಮೇಲೆ ಮಿನ್ಯಾ ಊರಿನ ಹಲ್ಲಿನ ಡಾಕ್ಟರ ಹೆಸರು.

"ಅದು ಮಾತು ಕೊಟ್ಟ ಮಾಲು ಉಸ್ತಾದ್."

"ಹಲ್ಲು ಕೀಳೋನಿಗೆ ದೈತ್ಯನನ್ನೇ ಕಳಿಸು. ಕೀಳೋಕೆ ಭಾರವಾದ ಸಾಮಾನೇ ಬೇಕು!"

"ಎರಡು ದಿನದ ಹಿಂದೆ ನಾಯಕ ನಾಯಕ ಅಂತ ಕುಣಿದೆಯಲ್ಲ. ಈಗೇನಾಯ್ತು?"

ಇನ್ಸಾಫಳ ವಿಷಯ ಹೇಳಿದೆ. ಗಲ್ಲ ಕೆರೆದುಕೊಂಡ. "ಒಯ್ಯಿ. ಅವರಿಗೆ ನಿಜವಾಗಿ ಕಂಡರೆ ನಿನ್ನದು. ಇನ್ನೊಂದು ಸಲ ಸುಳ್ಳು ವಾಹ್ ಅಂದರೆ ಡಾಕ್ಟರದು."

ಕಾಣುತ್ತೆ. ಕಂಡೇ ಕಾಣುತ್ತೆ. ಲೆಕ್ಕ ನನ್ನ ಕಡೆಗಿದೆ.

ಏಪ್ರಿಲ್ 9

ಖಮಸೀನ್. ಮರುಭೂಮಿಯೇ ಎದ್ದು ಊರೊಳಗೆ ನಡೆದು ಬಂದಿದೆ. ಆಕಾಶ ಇಲ್ಲ.

ಏಪ್ರಿಲ್ 12

ಖಮಸೀನ್. ಹಲ್ಲಲ್ಲಿ ಮರಳು. ಇದರ ಹಿಂದೆ ಎಲ್ಲೋ ನಮ್ಮ ತುರಯ್ಯಾ ಇಳೀತಿದಾಳೆ, ಇಳೀತಿದಾಳೆ...

ಏಪ್ರಿಲ್ 16

ಖಮಸೀನ್ ಬಿಟ್ಟಿತು!

ಸೂರ್ಯ ಕೆರೆಯಾಚೆ ಇಳಿದ. ಬೆಳಕು ಆರುವತನಕ ಕಾದೆವು. ಕೃತ್ತಿಕೆ ಖರ್ಜೂರದ ಮರಗಳ ಮೇಲೆ ಒಂದೆರಡು ಗೇಣು, ಅಷ್ಟೇ. ಮಂತ್ರಿಯನ್ನು ಸಿಕ್ಕಿಸಿದೆ. ಮುಚ್ಚಳ ಕೈಯಲ್ಲೇ ಹಿಡಿದುಕೊಂಡೆ.

ಇನ್ಸಾಫ್ ಬಗ್ಗಿದಳು. ಟಕ್ ಅನ್ನಲಿಲ್ಲ.

ವಾಹ್ ಅನ್ನಲಿಲ್ಲ.

"ಕಾಣ್ತಾ?"

ಮಾತಿಲ್ಲ. ಜೀವಮಾನವಿಡೀ ಊರಿಗೆಲ್ಲ ಮಾತು ಹೇಳಿಕೊಟ್ಟವಳು!

"ಇನ್ಸಾಫ್?"

"ಶ್ಶ್. ಎಲ್ಲಕ್ಕಿಂತ ಹೊಳೆಯೋ ಒಂದಿದೆಯಲ್ಲ... ಅದರ ಪಕ್ಕದಲ್ಲಿ ಮೂರು ಪುಟಾಣಿ. ಒಲೆಗುಂಡಿನ ಹಾಗೆ ಕೂತಿವೆ. ನೀನು ಅವುಗಳ ಸುದ್ದಿ ಯಾವತ್ತೂ ಹೇಳಿಯೇ ಇಲ್ಲ."

ಹೇಳಿರಲಿಲ್ಲ. ಇವೆ. ಮೂರೂ ಇವೆ!

"ಸರಿ, ಈಗ ನಾನು—"

"ತಳ್ಳಬೇಡ. ಆ ಕಡೆ ಹೋಗಿ ನಿಂತ್ಕೋ."

ಹೋಗಿ ನಿಂತುಕೊಂಡೆ. ಕೃತ್ತಿಕೆ ಖರ್ಜೂರದ ಗರಿಗಳಿಗೆ ಇಳಿದು ಮರೆಯಾಗುವವರೆಗೂ ಅವಳು ಕಣ್ಣು ತೆಗೆಯಲಿಲ್ಲ. ಬೆನ್ನು ಮಾತ್ರ ನೆಟ್ಟಗಾಗ್ತಿಲ್ಲ ಈಗ. ಅಷ್ಟು ಹೊತ್ತು ಬಗ್ಗಿದ್ದಳು. ಎಣ್ಣೆ ತಿಕ್ಕಿಸಿಕೊಂಡು ಮಲಗಿದಾಳೆ. ನಾಳೆ ಚಿತ್ರಾ ನಕ್ಷತ್ರ ತೋರಿಸು, ಅಂದಳು. ಆಜ್ಞೆ.

ನಾಳೆ ಬೆಳಿಗ್ಗೆ ಎದ್ದವನೇ ದೈತ್ಯನನ್ನು ಹೊತ್ತೊಯ್ದು ವಗ್ದಿಯ ಬಾಗಿಲಲ್ಲಿ ಇಳಿಸ್ತೀನಿ, ಬೀದಿಗೆಲ್ಲ ಕೇಳೋ ಹಾಗೆ ತೀರ್ಪು ಸಾರ್ತೀನಿ. ಅಲ್ಲಿಂದ ನೇರ ಬಡಗಿ ಹತ್ತಿರ. ಇವಳ ಎತ್ತರಕ್ಕೆ ಅಳತೆ ಕೊಟ್ಟು, ಕೂತು ನೋಡುವಂಥ ಒಂದು ಕುರ್ಚಿ ಮಾಡಿಸ್ತೀನಿ.