ತುಟಿ ಮಾತ್ರ ಆಡಿಸುವ ಹಾಡುಗಾರ್ತಿ

“ನಿಮ್ಮ ಮಗಳು ಮೂರು ವಾರದಿಂದ ಬರೀ ತುಟಿ ಆಡಿಸ್ತಿದ್ದಾಳಮ್ಮ, ದನಿಯೇ ಇಲ್ಲ” ಅಂದರು ಸಂಗೀತದ ಸಿಸ್ಟರ್, ನಿನ್ನೆ ಶಾಲೆ ಗೇಟಿನಲ್ಲಿ. ರೀ, ನೀವು ಅದೇ ಶಾಲೆಯಲ್ಲಿ ಓದಿ, ಅಲ್ಲಿನ ಚಾಪೆಲ್‌ನಲ್ಲಿ ಭಾನುವಾರದ ಪ್ರಾರ್ಥನೆಗೆ, ಬಲಿಪೂಜೆಗೆ ಹಾಡಿದವರು, ಒಪ್ಪಿದೆ. ಹಾಗಂತ ವಿಶೇಷ ತರಗತಿಗಳ ಫಾರಂ ಬಂದ ಕೂಡಲೇ ಅವಳನ್ನು ಒಂದು ಮಾತೂ ಕೇಳದೆ ಗಾಯನಕ್ಕೆ ಗುರುತು ಹಾಕಿಬಿಟ್ರಿ. ಅವಳಿಗೆ ಬೇಕಿರೋದು ಮಡಕೆ, ಬೊಂಬೆ ಮಾಡೋ ಮಣ್ಣಿನ ಕೆಲಸದ ಕ್ಲಾಸು. ಸಿಸ್ಟರ್ ಕೇಳಿದ್ದಕ್ಕೆ, “ಹಾಡೋದು ಬಿಟ್ರೆ ಅಪ್ಪಂಗೆ ಬೇಜಾರಾಗುತ್ತೆ” ಅಂದಳಂತೆ.

ಬದಲಾಯಿಸಲು ಇವತ್ತೇ ಕೊನೆ ದಿನ. ಹೊಸ ಫಾರಂ ಊಟದ ಮೇಜಿನ ಮೇಲಿದೆ. ಮಣ್ಣಿನ ಕೆಲಸಕ್ಕೆ ಗುರುತು ಹಾಕಿ, ಸಹಿ ಮಾಡಿ, ಬಸ್ ಬರೋ ಮೊದಲು ಅವಳ ಬ್ಯಾಗಿಗೆ ಹಾಕಿ. ಯೂನಿಫಾರಂ ಮೇಲೆ ತೊಡಲು ನಿಮ್ಮದೊಂದು ಹಳೇ ಅಂಗಿ ಕೊಡಿ. ಭಾಷಣ ಬೇಡ. ಮುಖ ಸಪ್ಪೆ ಮಾಡ್ಕೋಬೇಡಿ, ಅವಳು ತಕ್ಷಣ ಕಂಡುಹಿಡೀತಾಳೆ. ನೀವು ಮಾಡ್ತೀರಿ, ನಂಗೊತ್ತು.

ಆಸ್ಪತ್ರೆ ಪಾಳಿಗೆ ಹೊರಡೋ ಮೊದಲು ನಾನು ಇದನ್ನು ಬರೀತಿದ್ದಾಗ ಅವಳಿಗೆ ಎಚ್ಚರವಾಯ್ತು.

“ಅಪ್ಪಂಗೆ ಹೇಳಿದ್ಯಾ?”

“ಚೀಟಿ ಬರೀತಿದ್ದೀನಿ ಕಣೇ.”

“ಬೈದು ಬರೀಬೇಡ.”

“ಇಲ್ಲ ಬಿಡೇ, ಮುದ್ದಾಗೇ ಬರೀತೀನಿ.”

ಎದ್ದು ಬಂದು, ನಿಮ್ಮ ಪೆನ್ನನ್ನು ಫಾರಂ ಮೇಲೆ ಇಟ್ಟು, ಮತ್ತೆ ಹೋಗಿ ಮಲಗಿದಳು.