ಅಷ್ಟಮಿಯ ಸಮುದ್ರ

ಕಾಕಾ,

ಕ್ಷೇಮಸಮಾಚಾರ ಕೇಳಲು ಬರೆಯುತ್ತಿರುವ ಪತ್ರವಲ್ಲ ಇದು, ಮೊದಲೇ ಹೇಳಿಬಿಡುತ್ತೇನೆ. ತೀರಿಹೋದವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾಳೆ ಅವ್ವ. ನೀವಿದ್ದಾಗ ಸಿಟ್ಟು ಮಾಡಿ ಏನು ಉಪಯೋಗವಾಗಿತ್ತು? "ಬಂದ್ರು ನೋಡ್ರಿ ನಮ್ಮ ಪುಢಾರಿ, ಖುರ್ಚಿ ಕೊಡ್ರಿ" ಎಂದು ನಕ್ಕು ಟಿವಿಯ ದನಿ ಏರಿಸುತ್ತಿದ್ದಿರಿ. ಈಗ ನಿಮ್ಮ ಕೈಗೆ ಟಿವಿ ಸಿಗುವುದಿಲ್ಲ. ಪೂರ್ತಿ ಕೇಳಿ. ಮುರುಡದ ವಿಷಯ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದೆ, ನೀವು ಫ್ಯಾಕ್ಟರಿಯ ಯಾವುದೋ ಕೆಲಸಕ್ಕೆ ಕೊಂಕಣದ ದಂಡೆಯ ಮುರುಡಕ್ಕೆ ಹೋಗಿ ಬಂದಿರಿ. ಚಪ್ಪಲಿ ಕಳಚುವ ಮೊದಲೇ ಶುರು. "ಸ್ವರ್ಗ ಅದ ಅದು, ಸ್ವರ್ಗ! ವಿಜಾಪುರದಾಗ ಹುಟ್ಟಿ ಹಡಪಸರದಾಗ ಸಾಯೂ ಮಂದಿ ನಾವು, ಒಮ್ಮೆರ ನೋಡಬೇಕ್ರಿ!" ಹಡಪಸರದ ನಮ್ಮ ಗಲ್ಲಿಯ ಕನ್ನಡದ ಮನೆಗಳಿಗೆಲ್ಲ ನೀವೇ ಹೋಗಿ ಹೇಳಿ ಬಂದಿರಿ. ಆ ಡಿಸೆಂಬರಿನಲ್ಲಿ ಮೊದಲ ಬಸ್ಸು ಹೊರಟಿತು. ಆಮೇಲೆ ಪ್ರತಿ ವರ್ಷ ಹೊರಟಿತು. ಪ್ರವಾಸವನ್ನು ನಾವೂ ಮರಾಠಿಯವರ ಹಾಗೆ ಸಹಲು ಅನ್ನಲು ಕಲಿತದ್ದು ಆಗಲೇ.

ನಿಜ ಹೇಳಬೇಕೆಂದರೆ, ನೀವು ಹೇಳಿದ್ದು ಸುಳ್ಳಲ್ಲ. ತಾಮ್ಹಿಣಿ ಘಾಟು ಇಳಿಯುತ್ತಿದ್ದಂತೆ ಗಾಳಿಯೇ ಬೇರೆಯಾಗುತ್ತಿತ್ತು, ಮೈಗೆ ಅಂಟುತ್ತಿತ್ತು. ತೆಂಗು ಅಡಿಕೆಯ ವಾಡಿಗಳ ನಡುವಿನ ಕಿರಿದಾದ ರಸ್ತೆಯಲ್ಲಿ ಬಸ್ಸು ಎರಡೂ ಕಡೆಯ ಬೇಲಿ ಸವರಿಕೊಂಡು ಹೋಗುತ್ತಿತ್ತು. ಆಮೇಲೆ ಗಾಳಿಮರಗಳ ಸಾಲು, ಅದರ ಸಂದಿಯಲ್ಲಿ ಹೊಳಪು. ಮುರುಡದ ಮರಳು ಗೋಧಿ ಹಿಟ್ಟಿನಷ್ಟು ನುಣುಪು, ಬಣ್ಣ ಮಾತ್ರ ಬೂದಿಯದು. ಅದರ ಮೇಲೆ ಸಣ್ಣ ಏಡಿಗಳು ಉಂಡೆ ಕಟ್ಟಿ ಕಟ್ಟಿ ರಂಗೋಲಿ ಹಾಕಿರುತ್ತಿದ್ದವು. ಚಳಿಗಾಲಕ್ಕೆ ಎಲ್ಲಿಂದಲೋ ಬಂದ ಬಿಳಿ ಹಕ್ಕಿಗಳು ಗುಂಪಾಗಿ ಕೂತಿರುತ್ತಿದ್ದವು. ನಾವು ಓಡಿದರೆ ಇಡೀ ದಂಡೆಯೇ ಎದ್ದು ಹಾರಿದ ಹಾಗೆ. ಜಂಜಿರಾ ಕೋಟೆಗೆ ಹಾಯಿದೋಣಿಯಲ್ಲಿ ಹೋಗುವಾಗ ನೀವು ನನ್ನ ಕೈಯನ್ನು ನೀರಿಗೆ ಇಳಿಬಿಟ್ಟು "ಹಿಡಿ ಸಮುದ್ರಾನ್ನ" ಅಂದದ್ದು ನನಗಿನ್ನೂ… ಇರಲಿ. ಅದನ್ನು ನೆನೆದರೆ ಸಿಟ್ಟು ಇಳಿದುಬಿಡುತ್ತದೆ.

ಆ ದಿನ ಕಾಕು, ನಿಮ್ಮ ಹೆಂಡತಿ, ಎಲ್ಲಿದ್ದಳು, ಹೇಳಿ ನೋಡೋಣ?

ವಾಡಿಯಲ್ಲಿ. ಮೂರು ಕಲ್ಲಿನ ಒಲೆಯ ಮುಂದೆ. ಊರಿನ ಖಾನಾವಳಿಯಲ್ಲಿ ಮೀನು ಬೇಯಿಸಿದ ಪಾತ್ರೆ ಇರುತ್ತದೆ, ನಮ್ಮವರು ಅಲ್ಲಿ ಉಣ್ಣುವುದಿಲ್ಲ, ಅದು ಗೊತ್ತು. ಮನೆಯಿಂದ ಕಡಕ ರೊಟ್ಟಿ ಕಟ್ಟಿಕೊಂಡು ಹೋಗಬಹುದಿತ್ತಲ್ಲ? ಅದಕ್ಕೆ ನೀವು ಒಪ್ಪಬೇಕಲ್ಲ! "ನಮ್ಮ ಸಹಲಿನ್ಯಾಗ ಬಿಸಿ ರೊಟ್ಟಿ ಬೇಕ್ರಿ. ಸಮುದ್ರದ ದಂಡಿಗೆ ಬಿಸಿ ರೊಟ್ಟಿ ಯಾರಿಗೆ ಸಿಗ್ತದ?" ಬಸ್ಸಿನ ಡಿಕ್ಕಿಯಲ್ಲಿ ಹಿಟ್ಟಿನ ಚೀಲ, ಹಂಚು, ಕಟ್ಟಿಗೆ. ಬಸ್ಸು ನಿಂತ ಕೂಡಲೇ ಗಂಡಸರು ಮಕ್ಕಳು ನೀರಿಗೆ, ಹೆಂಗಸರು ಒಲೆಗೆ. ಎಲ್ಲರಿಗಿಂತ ಮುಂದೆ ಕಾಕು, ಯಾಕೆಂದರೆ ಸಹಲು ಅವಳ ಗಂಡನದು. ಮಧ್ಯಾಹ್ನ ಎಲ್ಲರೂ ಉಂಡು, ನೀವು ಗಾಳಿಮರದ ನೆರಳಿಗೆ ಒರಗಿದರೆ, ಹೆಂಗಸರು ಪಾತ್ರೆ ತಿಕ್ಕಿ, ಮತ್ತೆ ರಾತ್ರಿಯ ಅಡಿಗೆಗೆ ಕೂರುತ್ತಿದ್ದರು. ಬೆಳದಿಂಗಳೂಟ ಇಲ್ಲದಿದ್ದರೆ ಅದೇನು ಸಹಲು, ಅಲ್ಲವೇ? ಅದಕ್ಕೆಂದೇ ನೀವು ಪ್ರತಿ ವರ್ಷ ಹೊಸ್ತಿಲ ಹುಣ್ಣಿಮೆಯನ್ನೇ ಹಿಡಿಯುತ್ತಿದ್ದಿರಿ. ರಜೆ ಇರಲಿ ಬಿಡಲಿ, ಹುಣ್ಣಿಮೆ ತಪ್ಪಿಸಿದವರಲ್ಲ ನೀವು.

ನಾನು ಹನ್ನೆರಡನೇ ಇಯತ್ತೆಯಲ್ಲಿದ್ದಾಗಿನ ಸಹಲು ನಿಮಗೆ ನೆನಪಿದೆಯೇ? ಸಂಜೆ ಕಾಕು ಬುತ್ತಿ ಪಾತ್ರೆ ಹೊತ್ತುಕೊಂಡು ದಂಡೆಗೆ ಬಂದಳು. ಬೆನ್ನ ಹಿಂದೆ ಗುಡ್ಡದ ಮೇಲೆ ಚಂದ್ರ ಏರುತ್ತಿದ್ದ. ಎದುರಿಗೆ ಮಾತ್ರ ಬರೀ ಹಸಿ ಮರಳು. ದೌಂಡದ ಕಡೆ ಕಬ್ಬು ಕಡಿದ ಮೇಲೆ ಹೊಲ ಕಾಣುತ್ತದಲ್ಲ, ಹಾಗೆ. ಎಲ್ಲೋ ದೂರದಲ್ಲಿ ಒಂದು ಬಿಳಿ ಗೆರೆ.

"ಬಾ ಕಾಕು, ನೀರಿನ ತನಕ ಹೋಗೂಣು" ಅಂದೆ.

"ಅಲ್ಲೀ ತನಕಾ? ನಾ ಹೋಗಿ ಬರೂದ್ರಾಗ ಇವರಿಗೆ ಬಡಸೂರು ಯಾರು, ನಿಮ್ಮ ಸರಕಾರೇನು?" ಅಂದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಆ ಗೆರೆಯನ್ನೇ ನೋಡಿದಳು. "ಪ್ರತಿ ಸಲಾ ಹಿಂಗ ನೋಡ ತಂಗಿ. ನಾ ಬರೂದ್ರೊಳಗ ಸಮುದ್ರ ಹೋಗಿರ್ತದ."

ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. "ನಿನ್ನ ನೋಡಿ ಹೆದರಿ ಓಡಿ ಹೋಗ್ತದ" ಅಂದಿರಿ. ಇಡೀ ಬಸ್ಸು ನಕ್ಕಿತು. ಆ ರಾತ್ರಿಯೇ ನಾನು ನಿಮಗೆ ಭಾಷಣ ಮಾಡಿದ್ದು: ಬಿಡುವು ಎಲ್ಲ ದುಡಿಯುವವರ ಹಕ್ಕು, ಒಬ್ಬರ ಬಿಡುವು ಇನ್ನೊಬ್ಬರ ದುಡಿಮೆಯ ಮೇಲೆ ನಿಂತರೆ ಅದು ಬಿಡುವಲ್ಲ. ಮೋರ್ಚಾದಲ್ಲಿ ಸಿಕ್ಕ ಪುಸ್ತಿಕೆಯಲ್ಲಿ ಓದಿದ್ದೆ. ಈಗಲೂ ಒಂದು ಅಕ್ಷರ ಹಿಂದೆ ತೆಗೆದುಕೊಳ್ಳುವುದಿಲ್ಲ. ನೀವೇನಂದಿರಿ? "ಚಲೋ ಬರದಾರ. ಬರದಾವ್ರ ಮನ್ಯಾಗ ರೊಟ್ಟಿ ಯಾರು ಬಡೀತಾರ ಕೇಳು." ನಿಮ್ಮ ಜೊತೆ ವಾದ ಮಾಡುವುದೆಂದರೆ ಎಣ್ಣೆ ಹಚ್ಚಿದ ಗೋಡೆಗೆ ಪೋಸ್ಟರ್ ಅಂಟಿಸಿದ ಹಾಗೆ.

ಈಗ ಮುಖ್ಯ ಮಾತು. ನೀವು ಹೋದ ಮೂರು ತಿಂಗಳಿಗೆ, ಸ್ವಾರಗೇಟಿನಿಂದ ಹಡಪಸರಕ್ಕೆ ಬರುವ ಬಸ್ಸಿನಲ್ಲಿ ನಿಂತು ಒಂದು ಪುಸ್ತಿಕೆ ಓದುತ್ತಿದ್ದೆ. ಮರಾಠಿಯದು, ತೆಳ್ಳಗೆ, ಸಮುದ್ರದ ಉಬ್ಬರ ಇಳಿತದ ಬಗ್ಗೆ. ಹುಣ್ಣಿಮೆ ಅಮಾವಾಸ್ಯೆಗೆ ನಮ್ಮ ಕೊಂಕಣದ ದಂಡೆಯಲ್ಲಿ ನಡುಮಧ್ಯಾಹ್ನದ ಹೊತ್ತಿಗೆ ನೀರು ತುಂಬಿ ಬರುತ್ತದೆ, ಸಂಜೆಗೆ ಪೂರ್ತಿ ಇಳಿದು ದೂರ ಹೋಗುತ್ತದೆ. ದಿನದಿಂದ ದಿನಕ್ಕೆ ಹೊತ್ತು ಸರಿಯುತ್ತದೆ. ಅಷ್ಟಮಿಗೆ ಎಲ್ಲ ತಿರುವು ಮುರುವು: ಮಧ್ಯಾಹ್ನ ಇಳಿತ, ಸಂಜೆ ಉಬ್ಬರ. ನಾನು ಬಸ್ಸಿನಲ್ಲೇ "ಅಯ್ಯೋ!" ಎಂದು ಕೂಗಿದೆ. ಪಕ್ಕದವಳು ಜೇಬುಗಳ್ಳ ಅಂದುಕೊಂಡು ಪರ್ಸು ಹಿಡಿದುಕೊಂಡಳು.

ತಿಳಿಯಿತೇ, ಕಾಕಾ? ಸಮುದ್ರ ಹೆದರಿ ಓಡಲಿಲ್ಲ. ನೀವು ಓಡಿಸಿದಿರಿ. ಚಂದ್ರ ನೋಡುವ ಆಸೆಗೆ ಹುಣ್ಣಿಮೆ ಹಿಡಿದಿರಿ. ಹುಣ್ಣಿಮೆಗೆ ಮಧ್ಯಾಹ್ನದ ಸಮುದ್ರ ಪೂರ್ತಿ ಗಂಡಸರದು, ಸಂಜೆಯ ಖಾಲಿ ಮರಳು ಹೆಂಗಸರದು. ವರ್ಷ ವರ್ಷವೂ, ತಪ್ಪದೆ, ಪಂಚಾಂಗ ನೋಡಿ! ಬೇಕೆಂದು ಮಾಡಿದ್ದರೆ ಇಷ್ಟು ಅಚ್ಚುಕಟ್ಟಾಗಿ ಮಾಡಲು ಆಗುತ್ತಿರಲಿಲ್ಲ.

ನವೆಂಬರಿನಲ್ಲಿ ಸಹಲಿನ ಮೀಟಿಂಗು ನಮ್ಮ ಮನೆಯಲ್ಲೇ ಆಯಿತು. ಈಗ ಯಜಮಾನಿಕೆ ಬಟ್ಟೆ ಅಂಗಡಿಯ ಗುರುಲಿಂಗ ಮಾಮಾನದು. ಅಷ್ಟೊತ್ತಿಗೆ ಕಾಕು ಬೀದರಕ್ಕೆ, ಮಗಳ ಮನೆಗೆ ಹೋಗಿ ಇದ್ದುಬಿಡುವುದೆಂದು ಗೊತ್ತಾಗಿತ್ತು. ಸಂಕ್ರಮಣಕ್ಕೆ ಮೊದಲೇ ಹೊರಡುವವಳು. ಬೀದರದಲ್ಲಿ ಎಲ್ಲಿಯ ಸಮುದ್ರ? ಅವಳ ಪಾಲಿಗೆ ಇದೇ ಕೊನೆಯ ಡಿಸೆಂಬರ್. ಅದಕ್ಕೇ ನಾನು ಎದ್ದು ನಿಂತೆ. ಪುಸ್ತಿಕೆ ತೋರಿಸಿದೆ. ಈ ಸಲ ಅಷ್ಟಮಿಗೆ ಹೋಗೋಣ, ಒಲೆ ಬೇಡ, ಕಾಕುವನ್ನು ಕರೆದುಕೊಂಡು ಹೋಗೋಣ ಅಂದೆ.

"ಅಷ್ಟಮಿಗೆ ಬಸ್ಸ ಬಿಡೂದಾ?" ಮಾಮಾ ಎರಡೂ ಕಿವಿ ಮುಟ್ಟಿಕೊಂಡ. "ಘಾಟದಾಗ ಏನರ ಆದ್ರ ನಿನ್ನ ಪಾಂಪ್ಲೆಟ್ ಬಂದು ಎತ್ತತದೇನ?"

"ಅಷ್ಟಮಿ ದಿನಾ ನಿಮ್ಮ ಅಂಗಡಿ ಬಂದ್ ಇರ್ತದೇನ್ರಿ ಮಾಮಾ?"

"ಅದು ಧಂದೆ, ಇದು ಪ್ರವಾಸ. ಮತ್ತ ಈ ಸಲ ದಂಡಿಗೆ ಯಾರ ಹೋಗ್ತಾರ? ಹೊಸಾ ರಿಸಾರ್ಟ್ ಬುಕ್ ಮಾಡೇನಿ. ಈಜೂ ಕೊಳಾ ಅದ, ಮ್ಯಾಲಿಂದ ಮಳಿ ಬೀಳಸ್ತಾರ, ಡಿಜೆ ಹಚ್ಚತಾರ. ನೀರು ನೀಲಿ ಅದ, ಸ್ವಚ್ಛ!" ಆಮೇಲೆ ದನಿ ಇಳಿಸಿದ. "ಕಾಕು ಹ್ಯಾಂಗ ಬರ್ತಾರವಾ? ವರ್ಷಾ ತುಂಬಿಲ್ಲ. ಮಂದಿ ಏನಂದಾರು?"

ನೋಡಿದಿರಾ? ಕಲ್ಲೆಸೆದರೆ ಬೀಳುವಷ್ಟು ಹತ್ತಿರ ಸಮುದ್ರ, ಇವರು ಸಿಮೆಂಟಿನ ತೊಟ್ಟಿಯಲ್ಲಿ ಮುಳುಗುತ್ತಾರಂತೆ! ಪಕ್ಕದ ಮಗರಪಟ್ಟಾದಲ್ಲಿ ಹೊಲಗಳಿದ್ದ ಜಾಗದಲ್ಲಿ ಕಟ್ಟಡ ಎದ್ದ ಮೇಲೆ ನಮ್ಮವರಿಗೆ ನಲ್ಲಿಯಿಂದ ಬರದ ನೀರು ನೀರೇ ಅನ್ನಿಸುವುದಿಲ್ಲ. ನಾನು ಬಹಳ ಮಾತಾಡಿದೆ, ಎಲ್ಲರೂ ಚಹಾ ಕುಡಿದರು. ಬಸ್ಸು ಹುಣ್ಣಿಮೆಗೆ ಹೋಯಿತು, ಕಾಕುವನ್ನು ಬಿಟ್ಟು.

ಅದಾದ ವಾರಕ್ಕೆ, ಅಷ್ಟಮಿಯ ಬೆಳಗಿನಲ್ಲಿ, ನಾನು ಕಾಕುವನ್ನು ಎಬ್ಬಿಸಿದೆ. ಅವಳನ್ನು ಒಪ್ಪಿಸಲು ಎರಡು ದಿನ ಹಿಡಿದಿತ್ತು. "ನಂದೇನ ಈಗ ನೋಡೂ ವಯಸ್ಸ ತಂಗಿ?" ಅನ್ನುತ್ತಿದ್ದವಳು ಕೊನೆಗೆ ಅಂದಳು: "ಆತ ನಡಿ. ನಿನ್ನ ಬಾಯಿಗಿಂತ ಸಮುದ್ರದ ಗದ್ದಲಾ ಕಡಿಮಿ ಇರ್ತದ." ಸ್ವಾರಗೇಟಿನಿಂದ ಕೆಂಪು ಎಸ್ಟಿ ಬಸ್ಸು ಹತ್ತಿದೆವು. ರೊಟ್ಟಿ ತರಬೇಡ ಎಂದು ಹೇಳಿದ್ದೆ. ಮಾಣಗಾವದಲ್ಲಿ ಬಸ್ಸು ಬದಲಿಸುವಾಗ ಅವಳ ಚೀಲ ಎತ್ತಿದರೆ ಕಲ್ಲಿನಂತೆ ಭಾರ. "ಏನದು?" ಅಂದರೆ "ಸೀರಿ" ಅಂದಳು.

ಮಧ್ಯಾಹ್ನ ಮುರುಡ ಮುಟ್ಟಿದೆವು. ಗಾಳಿಮರ ದಾಟಿ ನೋಡಿದರೆ ನೀರು ದೂರ. ಹುಣ್ಣಿಮೆಯಷ್ಟಲ್ಲ, ಆದರೂ ದೂರ. ಹೀಗಿರುತ್ತದೆ ಎಂದು ನನಗೆ ಗೊತ್ತಿತ್ತು, ಆದರೂ ಪುಸ್ತಿಕೆ ತೆಗೆದು ಮತ್ತೊಮ್ಮೆ ನೋಡಿದೆ. ಕಾಕು ನನ್ನ ಮುಖ ನೋಡಿದಳು, ಮರಳು ನೋಡಿದಳು. "ಹೋಗ್ಯದ" ಅಂದಳು. ಅಷ್ಟೇ. ನನ್ನ ಮೇಲೆ ಕನಿಕರ ಬಂದವಳ ಹಾಗೆ ಚೀಲ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತೆಗೆದಳು.

ಕುದುರೆಗಾಡಿಯವನೊಬ್ಬ ಬಂದ. "ಬಸಾ ಕೀ ಆಜೀ, ಚಕ್ಕರ ಮಾರೂನ ಆಣತೋ" ಅಂದ, ಕೂತರೆ ಒಂದು ಸುತ್ತು ಹಾಕಿಸಿ ತರುತ್ತೇನೆಂದು. ಕಾಕು ಅವನ ಕುದುರೆಯ ಪಕ್ಕೆಲುಬು ನೋಡಿ, ನಮ್ಮ ಗಲ್ಲಿಯ ಮರಾಠಿಯಲ್ಲಿ, ಮೊದಲು ಇದಕ್ಕೆ ತಿನ್ನಲು ಹಾಕು, ಆಮೇಲೆ ನನ್ನನ್ನು ಸುತ್ತಾಡಿಸು ಎಂದು ಗದರಿದಳು. ಎರಡು ರೊಟ್ಟಿ ಕುದುರೆಗೆ ಹೋದವು. ಅವನು ನಕ್ಕು ಅಲ್ಲೇ ಕೂತು ಒಂದು ತಾನೂ ತಿಂದ. ಹೊತ್ತು ಹೋಗುತ್ತಿತ್ತು. ನಾನು ನೀರನ್ನು ನೋಡುತ್ತಿದ್ದೆ, ನಿಮ್ಮನ್ನು ಬೈಯುತ್ತಿದ್ದೆ, ಆ ಪುಸ್ತಿಕೆ ಬರೆದವರನ್ನೂ. ಮುದ್ರಣದ ತಪ್ಪಾಗಿದ್ದರೆ? ಇಲ್ಲಿ ಬೇರೆ ಲೆಕ್ಕವಿದ್ದರೆ?

ಮೊದಲು ಹಕ್ಕಿಗಳು ಸರಿದವು. ಕೂತಲ್ಲಿಂದ ಎದ್ದು ಒಂದಿಷ್ಟು ಈಚೆಗೆ ಬಂದು ಕೂತವು. ಮತ್ತೆ ಎದ್ದು ಮತ್ತಷ್ಟು ಈಚೆಗೆ. ಏಡಿಗಳ ರಂಗೋಲಿಯ ಅಂಚನ್ನು ನೀರು ಒರೆಸಿತು. ಕಾಕು ತಾನಾಗಿಯೇ ಎದ್ದು, ಹಸಿ ಮರಳಿನವರೆಗೆ ನಡೆದು ಹೋಗಿ ಅಲ್ಲಿ ಕಾಲು ಚಾಚಿ ಕೂತಳು. ನಾನು ಹೋಗಲಿಲ್ಲ. ಹೋದರೆ ಭಾಷಣ ಮಾಡಿಬಿಡುತ್ತೇನೆಂದು ನನಗೇ ಹೆದರಿಕೆ.

ಸೂರ್ಯ ಕೆಂಪಾಗುವ ಹೊತ್ತಿಗೆ ಒಂದು ತೆರೆ ಬಂದು ಅವಳ ಹಿಮ್ಮಡಿ ಮುಟ್ಟಿ ಹೋಯಿತು. ಕಾಲು ಎಳೆದುಕೊಳ್ಳುತ್ತಾಳೆ ಅಂದುಕೊಂಡೆ, ಎಳೆದುಕೊಳ್ಳಲಿಲ್ಲ. ಇನ್ನೊಂದು ಬಂತು, ಮೊಣಕಾಲಿನವರೆಗೆ. ಸೀರೆ ಒದ್ದೆ. ಅವಳು ಎರಡೂ ಅಂಗೈ ಮರಳಿಗೆ ಊರಿ, ಅಡಿಯಲ್ಲಿದ್ದ ಮರಳು ಜಾರಿಕೊಂಡು ಹೋಗುವಾಗ, ಚಿಕ್ಕ ಹುಡುಗಿಯಂತೆ ಕಿಸಕ್ಕನೆ ನಕ್ಕಳು. ಕಾಕು ಹಾಗೆ ನಗುತ್ತಾಳೆಂದು ನಿಮಗಾದರೂ ಗೊತ್ತಿತ್ತೇ? ನಾನು ಆ ಮನೆಯಲ್ಲೇ ಬೆಳೆದವಳು, ನನಗೆ ಗೊತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ತಿರುಗಿ ನೋಡಿ ಕೇಳಿದಳು: "ಇದು ತಿರುಗಿ ಬರ್ತದಂತ ನಿಮ್ಮ ಕಾಕಾಗ ಗೊತ್ತಿತ್ತೇನ?"

ನಾನೇನು ಹೇಳಬೇಕಿತ್ತು? ಗೊತ್ತಿರಲಿಲ್ಲ ಅಂದರೆ ಇಷ್ಟು ವರ್ಷ ಬಂದು ಸಮುದ್ರವನ್ನೇ ನೋಡದ ಮನುಷ್ಯ ನೀವು. ಗೊತ್ತಿತ್ತು ಅಂದರೆ… ಬೇಡ. "ಕೇಳಿ ಹೇಳ್ತೀನಿ" ಅಂದೆ. ಅದಕ್ಕೇ ಈ ಪತ್ರ.

ಕೊನೆಯ ಎಸ್ಟಿ ತಪ್ಪಿತು. ವಾಡಿಯೊಂದರ ಮನೆಯಲ್ಲಿ ಉಳಿದುಕೊಂಡೆವು. ಆ ಮನೆಯಾಕೆ ಅನ್ನ, ತೆಂಗಿನಹಾಲಿನ ಕಢಿ ಮಾಡಿ ಬಡಿಸಿದಳು. ಕಾಕು ಗೋಡೆಗೆ ಒರಗಿ ಕೂತು ಬಡಿಸಿಕೊಂಡಳು. ಪಾತ್ರೆ ಯಾವುದು ಎಂದು ಕೇಳಲಿಲ್ಲ. ಇನ್ನೊಂದು ಸೌಟು ಹಾಕಿಸಿಕೊಂಡಳು.

ಗಲ್ಲಿಯಲ್ಲಿ ಇದು ಮುಚ್ಚಿಡುವ ಸಂಗತಿಯೇ? ಮರುದಿನ ಸಂಜೆಗೆ ಗುರುಲಿಂಗ ಮಾಮಾನ ಹೆಂಡತಿಯೇ ಬಂದು ಬಾಗಿಲು ಹಾಕಿಕೊಂಡು "ಖರೇನೇ ಕಾಲಿಗೆ ಬಂದು ಹತ್ತಿತ್ತೇನ್ರಿ?" ಎಂದು ಕೇಳಿದಳು. ನಿನ್ನೆ ಕಾಕು ನನ್ನನ್ನು ಕರೆದುಕೊಂಡು ಫೋನ್ ಬೂತಿಗೆ ಹೋಗಿ ಬೀದರಕ್ಕೆ ಮಾತಾಡಿದಳು. ಪಕ್ಕದಲ್ಲಿ ನಿಂತು ಕೇಳಿಸಿಕೊಂಡದ್ದನ್ನು ಹಾಗೆಯೇ ಬರೆಯುತ್ತೇನೆ, ಇದೇ ನಿಮಗೆ ಮುಟ್ಟಿಸಬೇಕಾಗಿದ್ದ ಸುದ್ದಿ.

"ಸಂಕ್ರಮಣಕ್ಕ ಬರೂದಿಲ್ಲವಾ. ಇಲ್ಲಿ ನಾಕು ಮಂದಿ ಹೆಂಗಸರು ಕೂಡಿ ಅಷ್ಟಮಿಗೆ ಮುರುಡಕ್ಕ ಹೊಂಟೇವಿ. ಅದು ಆದ ಮ್ಯಾಲ ನೋಡೂಣು."

ಆ ಕಡೆಯಿಂದ ಮಗಳು ಏನೋ ಕೇಳಿದಳು.

"ಯಾವ ಅಷ್ಟಮಿ ಅಂದ್ರ?" ಅಂದಳು ಕಾಕು. "ತಿಂಗಳಿಗೆ ಎರಡ ಬರ್ತಾವಲ್ಲ!"